ಅಂಕಿಗಳಿಂದ ಮೂಡಿದ ಭೂಪಟ: ಟಾಲೆಮಿಯ ಸ್ಥಳಪಟ್ಟಿ ಮತ್ತು ಬನವಾಸಿ

ಭೂಪಟವೆಂದರೆ ಬರೆದ ಚಿತ್ರವೆಂಬುದು ಲೋಕರೂಢಿ. ಚಿತ್ರವು ಹರಿದುಹೋದರೆ ಅದರೊಡನೆ ಭೂಮಿಯ ತಿಳಿವೂ ಹೋದಂತೆಯೇ ಸರಿ. ಚಿತ್ರವು ಅಳಿದರೂ ಅದನ್ನು ಮತ್ತೆ ಬರೆಯಲು ಶಕ್ಯವಾಗುವಂತೆ ಊರುಗಳ ನೆಲೆಗಳನ್ನೆಲ್ಲ ಅಂಕಿಗಳಲ್ಲಿ ಕಟ್ಟಿಡಬೇಕೆಂಬ ಆಲೋಚನೆಯು ಹದಿನೆಂಟು ಶತಮಾನಗಳಿಗೂ ಹಿಂದೆ ಈಜಿಪ್ಟಿನ ಅಲೆಕ್ಸಾಂಡ್ರಿಯ ನಗರದಲ್ಲಿ ಕಾರ್ಯರೂಪಕ್ಕೆ ಬಂದಿತು. ಆ ಕಾರ್ಯವನ್ನು ಕೈಕೊಂಡವನು ಖಗೋಳಶಾಸ್ತ್ರಜ್ಞನಾದ ಕ್ಲಾಡಿಯಸ್ ಟಾಲೆಮಿ.

ಕ್ರಿ.ಶ. 150ರ ಸುಮಾರಿಗೆ ಗ್ರೀಕ್ ಭಾಷೆಯಲ್ಲಿ ರಚಿತವಾದ ಅವನ ಭೂಗೋಳ ಗ್ರಂಥದಲ್ಲಿ 8 ಭಾಗಗಳಿವೆ. ಮೊದಲನೆಯದರಲ್ಲಿ ಭೂಪಟ ರಚನೆಯ ಸಿದ್ಧಾಂತವಿದೆ. ಎರಡರಿಂದ ಏಳನೆಯ ಭಾಗದವರೆಗೆ ಹರಡಿಕೊಂಡಿರುವುದು ಸುಮಾರು 8,000 ಸ್ಥಳನಾಮಗಳ ಪಟ್ಟಿ. ಊರು, ನದೀಮುಖ, ಬೆಟ್ಟ, ಭೂಶಿರ ಇವುಗಳ ಹೆಸರಿನ ಮುಂದೆ ಸಾಮಾನ್ಯವಾಗಿ ಎರಡು ಅಂಕಿಗಳಿರುತ್ತವೆ. ಮೊದಲನೆಯದು ರೇಖಾಂಶ, ಎರಡನೆಯದು ಅಕ್ಷಾಂಶ. ರೇಖಾಂಶವನ್ನು ಅಂದಿಗೆ ತಿಳಿದಿದ್ದ ಪಶ್ಚಿಮದ ಕಟ್ಟಕಡೆಯ ನೆಲವಾದ ಇಂದಿನ ಕೆನರಿ ದ್ವೀಪಗಳಿಂದಲೂ, ಅಕ್ಷಾಂಶವನ್ನು ಭೂಮಧ್ಯರೇಖೆಯಿಂದಲೂ ಎಣಿಸಲಾಗಿದೆ. ಡಿಗ್ರಿಯ ಹನ್ನೆರಡನೆಯ ಒಂದು ಪಾಲಿನವರೆಗೂ ಲೆಕ್ಕ ಇಳಿಯುತ್ತದೆ.

ಚಿತ್ರವನ್ನೇ ಬರೆದಿಡದೆ ಪಟ್ಟಿಯನ್ನೇಕೆ ಮಾಡಬೇಕಾಯಿತು? ಇದಕ್ಕೆ ಗ್ರಂಥಕರ್ತನೇ ಕಾರಣವನ್ನು ಕೊಟ್ಟಿದ್ದಾನೆ. ಒಂದು ಪಟವನ್ನು ನೋಡಿ ಇನ್ನೊಂದನ್ನು, ಅದನ್ನು ನೋಡಿ ಮತ್ತೊಂದನ್ನು ಬರೆಯುತ್ತ ಹೋದಾಗ ಪ್ರತಿ ಸಲವೂ ಆಗುವ ಅಲ್ಪ ವ್ಯತ್ಯಾಸಗಳು ಕೂಡಿಕೊಂಡು, ಕಡೆಯ ಪಟಕ್ಕೂ ಮೊದಲ ಪಟಕ್ಕೂ ಹೋಲಿಕೆಯೇ ಇಲ್ಲದಂತಾಗುತ್ತದೆ. ಓಲೆಗರಿಯ ಪ್ರತಿಗಳನ್ನು ಹೋಲಿಸಿ ನೋಡಿದವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಅಂಕಿಗಳನ್ನು ನಕಲು ಮಾಡುವಾಗಲೂ ತಪ್ಪುಗಳಾಗುತ್ತವೆ. ಗ್ರೀಕರು ಅಕ್ಷರಗಳನ್ನೇ ಅಂಕಿಗಳಾಗಿ ಬಳಸುತ್ತಿದ್ದುದರಿಂದ ಒಂದನ್ನು ಸೂಚಿಸುವ ಅಕ್ಷರವು ನಾಲ್ಕನ್ನು ಸೂಚಿಸುವ ಅಕ್ಷರವಾಗಿ ಬದಲಾಗುವುದು ಸುಲಭವಾಗಿತ್ತು. ಆದರೆ ಅಂಥ ತಪ್ಪು ಆ ಒಂದು ಊರಿಗೆ ಮಾತ್ರ ತಟ್ಟುತ್ತದೆ. ನೆರೆಯ ಊರುಗಳು ತಮ್ಮ ತಮ್ಮ ನೆಲೆಗಳಲ್ಲಿಯೇ ಉಳಿಯುತ್ತವೆ.

ಪಟ್ಟಿಯಿಂದ ಪಟವನ್ನು ಬರೆಯುವ ಕ್ರಮವು ಸರಳವಾದುದು. ಮೊದಲು ಹಾಳೆಯ ಮೇಲೆ ಅಡ್ಡಗೆರೆ ಉದ್ದಗೆರೆಗಳನ್ನು ಎಳೆದು ಅವುಗಳಿಗೆ ಡಿಗ್ರಿಗಳನ್ನು ಗುರುತಿಸಬೇಕು. ಬಳಿಕ ಊರಿನ ಮೊದಲ ಅಂಕಿಯನ್ನು ಹಿಡಿದು ಪಶ್ಚಿಮದಿಂದ ಪೂರ್ವಕ್ಕೂ, ಎರಡನೆಯದನ್ನು ಹಿಡಿದು ದಕ್ಷಿಣದಿಂದ ಉತ್ತರಕ್ಕೂ ಸಾಗಿ, ಎರಡು ಗೆರೆಗಳು ಕೂಡುವಲ್ಲಿ ಬಿಂದುವನ್ನಿಡಬೇಕು. ಗುಂಡಾದ ಭೂಮಿಯನ್ನು ಚಪ್ಪಟೆಯಾದ ಹಾಳೆಗೆ ಇಳಿಸಲು ಟಾಲೆಮಿಯು ಎರಡು ವಿಧಾನಗಳನ್ನು ವಿವರಿಸಿದ್ದಾನೆ. ಎಂಟನೆಯ ಭಾಗದಲ್ಲಿ ಯುರೋಪಿಗೆ 10, ಆಫ್ರಿಕಕ್ಕೆ 4, ಏಷ್ಯಕ್ಕೆ 12 ಹೀಗೆ ಒಟ್ಟು 26 ಪಟಗಳ ವಿಂಗಡಣೆಯಿದೆ.

ಈ ದೂರದೃಷ್ಟಿಯ ಪರೀಕ್ಷೆ ನಡೆದುದು 1,100 ವರ್ಷಗಳಿಗೂ ಮಿಕ್ಕ ಕಾಲ ಕಳೆದ ಮೇಲೆ. 1295ರ ಸುಮಾರಿಗೆ ಕಾನ್‌ಸ್ಟಾಂಟಿನೋಪಲ್ ನಗರದ ಸಂನ್ಯಾಸಿ ಮಾಕ್ಸಿಮಸ್ ಪ್ಲನುಡೀಸ್ ಈ ಗ್ರಂಥವನ್ನು ಅರಸಿ ಪಡೆದನು. ಅವನಿಗೆ ದೊರೆತ ಪ್ರತಿಯಲ್ಲಿ ಪಟಗಳಿರಲಿಲ್ಲ. ಪಟ್ಟಿ ಮಾತ್ರ ಇದ್ದಿತು. ಆ ಅಂಕಿಗಳ ಆಧಾರದಿಂದಲೇ ಪಟಗಳು ಹೊಸದಾಗಿ ಸಿದ್ಧವಾದವು. ಇಂದು ಉಳಿದಿರುವ ಪಟಸಹಿತವಾದ ಹಸ್ತಪ್ರತಿಗಳಲ್ಲಿ 13ನೆಯ ಶತಮಾನದ ಕೊನೆಗಿಂತ ಹಿಂದಿನದು ಯಾವುದೂ ಇಲ್ಲ. ಮುಂದೆ 15ನೆಯ ಶತಮಾನದ ಮೊದಲ ದಶಕದಲ್ಲಿ ಇಟಲಿಯಲ್ಲಿ ಗ್ರಂಥವು ಲ್ಯಾಟಿನ್ ಭಾಷೆಗೆ ಬಂದು, 1477ರಲ್ಲಿ ಬೊಲೋನ್ಯದಲ್ಲಿ ಪಟಗಳೊಡನೆ ಅಚ್ಚಾಯಿತು.

ಈ ಪಟ್ಟಿಯ ಏಳನೆಯ ಭಾಗದ ಆರಂಭದಲ್ಲಿ ಭರತಖಂಡದ ವಿವರಗಳಿದ್ದು, ಅದರಲ್ಲಿ 'ಬನೌಆಸೈ' ಎಂಬ ಒಂದು ಹೆಸರು ಕಾಣುತ್ತದೆ. ಇದು ನಮ್ಮ ಬನವಾಸಿಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಕದಂಬರು ಅದನ್ನು ರಾಜಧಾನಿಯನ್ನಾಗಿ ಮಾಡಿಕೊಳ್ಳುವುದಕ್ಕೆ ಸುಮಾರು ಎರಡು ಶತಮಾನಗಳ ಮೊದಲೇ ಅದರ ಹೆಸರು ಮೆಡಿಟರೇನಿಯನ್ ತೀರವನ್ನು ತಲಪಿದ್ದಿತೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಆದರೆ ಹೆಮ್ಮೆಪಟ್ಟು ಅಲ್ಲಿಗೇ ನಿಲ್ಲದೆ ಹೆಸರಿನ ಮುಂದಿರುವ ಅಂಕಿಗಳನ್ನೂ ಪರಿಶೀಲಿಸುವುದು ಯುಕ್ತ.

ಅಲ್ಲಿ ಬನವಾಸಿಯ ರೇಖಾಂಶ ಸುಮಾರು 116 ಡಿಗ್ರಿ. ಕೆನರಿ ದ್ವೀಪಗಳಿಂದ ಎಣಿಸಿದರೆ ವಾಸ್ತವದಲ್ಲಿ ಅದು ಸುಮಾರು 93 ಡಿಗ್ರಿಯಾಗುತ್ತದೆ. ಅಕ್ಷಾಂಶವು ಪಟ್ಟಿಯಲ್ಲಿ 16 ಡಿಗ್ರಿಯನ್ನು ದಾಟಿದೆ. ನಿಜವಾದ ಬನವಾಸಿ ಇರುವುದು ಸುಮಾರು 14½ ಡಿಗ್ರಿಯಲ್ಲಿ. ಇದು ಒಂದು ಊರಿಗೆ ಸೀಮಿತವಾದ ನಕಲುದೋಷವಲ್ಲ. ಅದೇ ಪಟ್ಟಿಯಲ್ಲಿ ಭರೂಚ್ 17 ಡಿಗ್ರಿಯ ಆಸುಪಾಸಿಗೆ ಇಳಿದಿದೆ, ಕನ್ಯಾಕುಮಾರಿ 13½ ಡಿಗ್ರಿಗೆ ಏರಿದೆ. ಸುಮಾರು 13½ ಡಿಗ್ರಿಗಳಷ್ಟು ಇರಬೇಕಾದ ಅಂತರವು 4 ಡಿಗ್ರಿಗಳೊಳಗೆ ಅಡಗಿಹೋಗಿದೆ. ಆದುದರಿಂದಲೇ ಪಟದಲ್ಲಿ ದಕ್ಷಿಣ ಭಾರತದ ತ್ರಿಕೋನವು ಕಾಣದೆ ತೀರವು ಪೂರ್ವಪಶ್ಚಿಮವಾಗಿ ಮಲಗಿಕೊಂಡಿದೆ. ಸಿಂಹಳದ್ವೀಪವು ಅದರ ಕೆಳಗೆ ಅತಿಶಯವಾಗಿ ಬೆಳೆದು ನಿಂತಿದೆ.

ಈ ದೋಷಗಳ ಮೂಲವು ಅಳತೆಯಲ್ಲಿದೆ. ಒಂದು ಡಿಗ್ರಿಗೆ 700 ಸ್ಟೇಡಿಯಗಳೆಂದು ಎರಟೋಸ್ತನೀಸನು ಹಿಂದೆಯೇ ನಿರ್ಣಯಿಸಿದ್ದನು. ಟಾಲೆಮಿಯು ಅದನ್ನು ಬಿಟ್ಟು 500 ಸ್ಟೇಡಿಯಗಳ ಲೆಕ್ಕವನ್ನು ಅಂಗೀಕರಿಸಿದನು. ಹೀಗಾಗಿ ಭೂಮಿಯು ಕುಗ್ಗಿತು. ದಾರಿಯ ದೂರವನ್ನು ಡಿಗ್ರಿಗೆ ಪರಿವರ್ತಿಸಿದಾಗ ಅಂಕಿಯು ಹಿಗ್ಗಿತು. ರೇಖಾಂಶವನ್ನು ನೇರವಾಗಿ ತಿಳಿಯಲು ಒಂದೇ ಚಂದ್ರಗ್ರಹಣವನ್ನು ಎರಡು ಊರುಗಳಲ್ಲಿ ನೋಡಿ ವೇಳೆಗಳನ್ನು ಹೋಲಿಸಬೇಕಾಗಿತ್ತು. ಕ್ರಿ.ಪೂ. 331ರ ಗ್ರಹಣದ ವೇಳೆಯಲ್ಲಿ ಇರಾಕಿನ ಅರ್ಬೇಲಕ್ಕೂ ಉತ್ತರ ಆಫ್ರಿಕದ ಕಾರ್ತೇಜಿಗೂ 3 ಗಂಟೆಗಳ ಅಂತರವಿತ್ತೆಂದು ಅವನು ಉದಾಹರಿಸಿದ್ದಾನೆ. ಗಂಟೆಗೆ 15 ಡಿಗ್ರಿಯಂತೆ ಇದು 45 ಡಿಗ್ರಿಯಾಗುತ್ತದೆ. ವಾಸ್ತವವಾದ ಅಂತರ ಸುಮಾರು 34 ಡಿಗ್ರಿ ಮಾತ್ರ.

ಆಕಾಶವನ್ನು ನೋಡಿ ಅಳೆದ ಊರುಗಳು ಕೆಲವೇ, ಉಳಿದವು ಪ್ರಯಾಣಿಕರ ಹೇಳಿಕೆಗಳಿಂದ ಊಹಿಸಿದವು ಎಂಬುದನ್ನು ಟಾಲೆಮಿಯು ಮರೆಮಾಚಿಲ್ಲ. ಆದರೆ ಪಟ್ಟಿಯಲ್ಲಿ ಈ ಭೇದ ಕಾಣುವುದಿಲ್ಲ. ಅಳೆದು ತಿಳಿದ ಊರಿಗೂ ಕೇಳಿ ತಿಳಿದ ಊರಿಗೂ ಅಂಕಿಗಳ ಗಾಂಭೀರ್ಯ ಒಂದೇ. ಕುಗ್ಗಿದ ಭೂಮಿಯ ಆ ಲೆಕ್ಕವು 15ನೆಯ ಶತಮಾನದವರೆಗೂ ಬಾಳಿ, ಯುರೋಪಿನಿಂದ ಪಶ್ಚಿಮಕ್ಕೆ ಹೊರಟರೆ ಏಷ್ಯವು ಸಮೀಪದಲ್ಲಿಯೇ ಸಿಗುವುದೆಂಬ ನಂಬಿಕೆಗೆ ಪುಷ್ಟಿಯನ್ನು ಕೊಟ್ಟಿತು. ಪಟ್ಟಿಯು ಸತ್ಯವನ್ನು ಕಾಪಾಡಿದಷ್ಟೇ ನಿಷ್ಠೆಯಿಂದ ದೋಷವನ್ನೂ ಕಾಪಾಡಿತು.

ಈಗ ಇದೇ ಕಾರ್ಯವನ್ನು ಗಣಕಯಂತ್ರಗಳು ಮಾಡುತ್ತವೆ. ಸಾವಿರಾರು ಸ್ಥಳಗಳ ಪಟ್ಟಿಯನ್ನು ಒದಗಿಸಿದರೆ ಕ್ಷಣಾರ್ಧದಲ್ಲಿ ಬಿಂದುಗಳು ಮೂಡುತ್ತವೆ. ಯಂತ್ರವು ಅಂಕಿಯನ್ನು ಪ್ರಶ್ನಿಸುವುದಿಲ್ಲ. ಬನವಾಸಿಯ 14½ ಮತ್ತು 75 ಎಂಬ ಅಂಕಿಗಳನ್ನು ಅದಲುಬದಲಾಗಿ ಕೊಟ್ಟರೆ, ಅದು ವರದೆಯ ದಡದ ಊರನ್ನು ನಾರ್ವೆಯ ಉತ್ತರದ ಶೀತಲ ಸಮುದ್ರದಲ್ಲಿ ನಿಸ್ಸಂಕೋಚವಾಗಿ ಗುರುತಿಸುತ್ತದೆ. ಇಂಥ ತಪ್ಪು ಕಣ್ಣಿಗೆ ಬೀಳುತ್ತದೆ. ಒಂದೆರಡು ಡಿಗ್ರಿಗಳ ತಪ್ಪು ಬೀಳುವುದಿಲ್ಲ. ಆದುದರಿಂದ ಪಟ್ಟಿಯನ್ನು ಹಿಡಿದು ಪಟವನ್ನು ಬರೆಯುವವನು ಬಿಂದುವನ್ನಿಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಇವು: ಈ ಎರಡರಲ್ಲಿ ಯಾವುದು ರೇಖಾಂಶ, ಯಾವುದು ಅಕ್ಷಾಂಶ? ಎಣಿಕೆಯು ಎಲ್ಲಿಂದ ಆರಂಭವಾಗಿದೆ? ಇದನ್ನು ಅಳೆದವರು ಯಾರು, ಹೇಗೆ ಅಳೆದರು? ಪ್ಲನುಡೀಸನ ಕಾಲದಲ್ಲಿ ಕೊನೆಯ ಪ್ರಶ್ನೆಗೆ ಉತ್ತರ ಕೊಡುವವರು ಯಾರೂ ಉಳಿದಿರಲಿಲ್ಲ. ಇಂದು ಪಟ್ಟಿಗಳನ್ನು ಸಿದ್ಧಪಡಿಸುವವರು ಅಂಕಿಯ ಪಕ್ಕದಲ್ಲಿಯೇ ಅದರ ಮೂಲವನ್ನೂ ಬರೆದಿಟ್ಟರೆ, ಮುಂದಿನವರಿಗೆ ಪಟದೊಡನೆ ಅದನ್ನು ತಿದ್ದುವ ಸಾಧನವೂ ದೊರೆಯುತ್ತದೆ.