ಮಯಾಮಿಯ ಸುಣ್ಣಕಲ್ಲಿನ ದಿಬ್ಬ ಮತ್ತು ಎರಡು ಕಾಡು ಅಗಸೆಗಳು

ಅಮೆರಿಕದ ಫ್ಲಾರಿಡಾ ರಾಜ್ಯದ ದಕ್ಷಿಣ ತುದಿಯಲ್ಲಿ, ಪೂರ್ವದ ಬಿಸ್ಕೇನ್ ಕೊಲ್ಲಿಗೂ ಪಶ್ಚಿಮದ ಎವರ್‌ಗ್ಲೇಡ್ಸ್ ಜೌಗು ಬಯಲಿಗೂ ನಡುವೆ, ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎತ್ತರದ ಸುಣ್ಣಕಲ್ಲಿನ ದಿಬ್ಬವೊಂದು ಈಶಾನ್ಯದಿಂದ ನೈಋತ್ಯಕ್ಕೆ ಚಾಚಿಕೊಂಡಿದೆ. ಲಕ್ಷಕ್ಕೂ ಹೆಚ್ಚು ವರ್ಷಗಳ ಹಿಂದೆ, ಕಡಲು ಇಂದಿಗಿಂತ ಮೇಲಿದ್ದ ಕಾಲದಲ್ಲಿ, ಆಳವಿಲ್ಲದ ನೀರಿನ ತಳದಲ್ಲಿ ಸಾಸಿವೆಯಂಥ ಸುಣ್ಣದ ಕಾಳುಗಳು ಒಂದಕ್ಕೊಂದು ಅಂಟಿ ಗಟ್ಟಿಯಾದುದರಿಂದ ಉಂಟಾದ ಈ ಕಲ್ಲನ್ನು ಭೂವಿಜ್ಞಾನಿಗಳು ಊಲೈಟ್ ಎನ್ನುತ್ತಾರೆ. ಅದರ ಮೇಲೆ ಮಣ್ಣು ಬಹುತೇಕ ಇಲ್ಲ. ಮಳೆನೀರು ಕೊರೆದ ಗುಳಿ ಬಿರುಕುಗಳಲ್ಲಿ ನಿಂತಷ್ಟೇ ಮಣ್ಣಿನಲ್ಲಿ ಪೈನ್ ಮರಗಳು ಒಂದರಿಂದೊಂದು ದೂರದಲ್ಲಿ ಬೆಳೆದು, ಅವುಗಳ ನಡುವಿನ ಬಿಸಿಲಿನಲ್ಲಿ ಹುಲ್ಲು, ಕುಳ್ಳ ತಾಳೆ ಮತ್ತು ನೂರಾರು ಬಗೆಯ ಸಣ್ಣ ಗಿಡಗಳು ಹರಡಿಕೊಳ್ಳುತ್ತವೆ. ಪೈನ್ ರಾಕ್‌ಲ್ಯಾಂಡ್ ಎಂದು ಕರೆಯಲಾಗುವ ಈ ಕಾಡು ದಕ್ಷಿಣ ಫ್ಲಾರಿಡಾ ಮತ್ತು ಅದಕ್ಕೆ ಸಮೀಪದ ಕೆಲವು ದ್ವೀಪಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲ. ಇಲ್ಲಿಯ ಎರಡು ಕಾಡು ಅಗಸೆಗಳು, ಮರಳು ಅಗಸೆ ಎಂಬ ಲೈನಮ್ ಅರೆನಿಕೋಲ ಮತ್ತು ಕಾರ್ಟರ್ ಅಗಸೆ ಎಂಬ ಲೈನಮ್ ಕಾರ್ಟೆರಿ, ಇಂದು ಅಳಿವಿನಂಚಿಗೆ ಬಂದು ನಿಂತಿರುವುದಕ್ಕೆ ಕಾರಣವನ್ನು ಗಿಡಗಳ ದೌರ್ಬಲ್ಯದಲ್ಲಿ ಹುಡುಕುವುದಕ್ಕಿಂತ ಈ ನೆಲದ ಚರಿತ್ರೆಯಲ್ಲಿ ಹುಡುಕುವುದು ಹೆಚ್ಚು ಸರಿ.

ಲೈನಮ್ ಕುಲದಲ್ಲಿ ಸುಮಾರು 200 ಪ್ರಭೇದಗಳಿವೆ. ಉತ್ತರ ಕರ್ನಾಟಕದ ಕಪ್ಪು ನೆಲದಲ್ಲಿ ಹಿಂಗಾರಿ ಬೆಳೆಯಾಗಿ ಬಿತ್ತುವ, ಚಟ್ನಿಪುಡಿಗೂ ಎಣ್ಣೆಗೂ ಒದಗುವ ನೀಲಿ ಹೂವಿನ ಅಗಸೆ ಆ ಕುಲದ್ದೇ. ಮೈಸೂರಿನ ಹೆಸರನ್ನು ಹೊತ್ತ ಲೈನಮ್ ಮೈಸೂರೆನ್ಸ್ ಎಂಬ ಹಳದಿ ಹೂವಿನ ಕಾಡುಗಿಡವೂ ಆ ಕುಲದ್ದೇ. ಮರಳು ಅಗಸೆಯ ಹೂವೂ ಹಳದಿ. ಅರ್ಧ ಮೀಟರಿನಷ್ಟು ಎತ್ತರಕ್ಕೆ ನೆಟ್ಟಗೆ ಏಳುವ ತಂತಿಯಂಥ ಕಾಂಡ, ಅದಕ್ಕೆ ಅಂಟಿಕೊಂಡ ಸೂಜಿಯಂತೆ ಸಪೂರವಾದ ಎಲೆ, ಸುಮಾರು ಐದು ಮಿಲಿಮೀಟರ್ ಉದ್ದದ ಐದು ಎಸಳು: ಹೂವಿಲ್ಲದ ವೇಳೆಯಲ್ಲಿ ಹುಲ್ಲಿನ ನಡುವೆ ಇದನ್ನು ಗುರುತಿಸುವುದು ಪಳಗಿದ ಕಣ್ಣಿಗೂ ಕಷ್ಟ. ಬಹುವಾರ್ಷಿಕವಾದ, ಅಂದರೆ ಒಂದೇ ಬುಡದಿಂದ ಹಲವು ವರ್ಷ ಚಿಗುರುವ ಈ ಗಿಡಕ್ಕೆ ಹೋಲಿಸಿದರೆ ಕಾರ್ಟರ್ ಅಗಸೆಯ ಆಯುಸ್ಸು ಕಡಿಮೆ. ಅದರ ಹೂ ದೊಡ್ಡದು, ಬಣ್ಣ ಕಿತ್ತಳೆ ಬೆರೆತ ಹಳದಿ. ಎರಡಕ್ಕೂ ಬೇಕಾದುದು ತೆರೆದ ನೆಲ ಮತ್ತು ಬಿಸಿಲು, ಇವೆರಡನ್ನೂ ಒದಗಿಸುತ್ತಿದ್ದುದು ಬೆಂಕಿ. ಸಿಡಿಲಿನಿಂದ ಹುಟ್ಟಿ ಕೆಲವು ವರ್ಷಗಳಿಗೊಮ್ಮೆ ನೆಲಮಟ್ಟದಲ್ಲಿ ಹರಿದುಹೋಗುತ್ತಿದ್ದ ಬೆಂಕಿಯನ್ನು ದಪ್ಪ ತೊಗಟೆಯ ಪೈನ್ ತಡೆದುಕೊಳ್ಳುತ್ತಿತ್ತು, ಪೊದೆಗಳು ಸುಟ್ಟುಹೋಗುತ್ತಿದ್ದವು. ಎರಡು ಮೂರು ದಶಕ ಬೆಂಕಿ ಬೀಳದಿದ್ದರೆ ಅಗಲ ಎಲೆಯ ಮರಗಳು ಮೇಲೆದ್ದು ನೆಲಕ್ಕೆ ನೆರಳು ಕವಿಯುತ್ತದೆ, ಅಗಸೆಯಂಥ ಸಣ್ಣ ಗಿಡಗಳು ಮೊದಲು ಹೋಗುತ್ತವೆ.

19ನೆಯ ಶತಮಾನದಲ್ಲಿ ಈ ಕಾಡಿನಿಂದ ನಡೆಯುತ್ತಿದ್ದ ಮುಖ್ಯ ಕಸುಬು ಕೂಂಟಿ ಹಿಟ್ಟಿನದು. ಕೂಂಟಿ ಎಂಬುದು ಹೂ ಬಿಡದೆ ಬೀಜ ಕಟ್ಟುವ ಸೈಕಾಡ್ ಗುಂಪಿನ ಗಿಡ. ಅದರ ನೆಲದೊಳಗಿನ ಕಾಂಡ ವಿಷವುಳ್ಳದ್ದಾದರೂ, ಅರೆದು ಮತ್ತೆ ಮತ್ತೆ ತೊಳೆದರೆ ತಿನ್ನಬಹುದಾದ ಪಿಷ್ಟ ಸಿಗುತ್ತದೆಂಬುದನ್ನು ಸೆಮಿನೋಲ್ ಜನರಿಂದ ಅರಿತ ಬಿಳಿಯ ವಲಸಿಗರು ಗಿರಣಿಗಳನ್ನು ಹಾಕಿಕೊಂಡರು. ಆ ಕಸುಬು ಕೂಂಟಿಯನ್ನು ಬರಿದು ಮಾಡಿತು, ನಿಜ. ಆದರೆ ಕಾಡಿನ ನೆಲ ಕಾಡಿನ ನೆಲವಾಗಿಯೇ ಉಳಿದಿತ್ತು. 1896ರಲ್ಲಿ ಉದ್ಯಮಿ ಹೆನ್ರಿ ಫ್ಲ್ಯಾಗ್ಲರ್‌ನ ರೈಲುಮಾರ್ಗ ಮಯಾಮಿಗೆ ಬಂದು, ಅದೇ ವರ್ಷ ಮಯಾಮಿ ನಗರವೆಂದು ಘೋಷಿತವಾದ ಮೇಲೆ ಮಾತು ಬೇರೆಯಾಯಿತು. ಜೌಗು ಬಯಲಿನ ಪಕ್ಕದಲ್ಲಿ ಮುಳುಗದೆ ಇರುತ್ತಿದ್ದ ಎತ್ತರದ ನೆಲ ಈ ದಿಬ್ಬವೊಂದೇ ಆದುದರಿಂದ ಹಳಿ, ರಸ್ತೆ, ಮನೆ, ತೋಟಗಳೆಲ್ಲ ಇದರ ಮೇಲೆಯೇ ಬಂದವು. ಗೆದ್ದಲು ಸುಲಭವಾಗಿ ಮುಟ್ಟದ ಇಲ್ಲಿಯ ಪೈನ್ ಮರ ಆ ಮನೆಗಳ ತೊಲೆಗಳಾಯಿತು.

ನ್ಯೂಯಾರ್ಕ್ ಸಸ್ಯೋದ್ಯಾನದ ಸಸ್ಯವಿಜ್ಞಾನಿ ಜಾನ್ ಕಂಕೆಲ್ ಸ್ಮಾಲ್ ಇಲ್ಲಿಗೆ ಬಂದುದು ಇದೇ ಬದಲಾವಣೆಯ ಹೊಸ್ತಿಲಲ್ಲಿ. ಅವರು 1905ರಲ್ಲಿ ಕಾರ್ಟರ್ ಅಗಸೆಯನ್ನು, 1907ರಲ್ಲಿ ಮರಳು ಅಗಸೆಯನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಮೊದಲನೆಯದಕ್ಕೆ ಸಸ್ಯಸಂಗ್ರಾಹಕ ಜೋಯಲ್ ಜಾಕ್ಸನ್ ಕಾರ್ಟರ್ ಅವರ ಹೆಸರಿಟ್ಟರು. ಮಯಾಮಿಯ ಸಸ್ಯಸಂಪತ್ತನ್ನು ಕುರಿತ ಸ್ಮಾಲ್ ಅವರ ಗ್ರಂಥ 1913ರಲ್ಲಿ ಹೊರಬಂತು. ಹೊಸ ಗಿಡಗಳಿಗೆ ಹೆಸರಿಡುತ್ತಲೇ ಅವುಗಳ ನೆಲೆ ಕೈತಪ್ಪುವುದನ್ನೂ ಕಂಡ ಈ ವಿದ್ವಾಂಸರು 1929ರಲ್ಲಿ ‘ಫ್ರಮ್ ಈಡನ್ ಟು ಸಹಾರಾ’ ಎಂಬ ಪುಸ್ತಕ ಬರೆದು, ಜೌಗು ಬತ್ತಿಸುವ ಕಾಲುವೆಗಳೂ ಎಗ್ಗಿಲ್ಲದ ಬೆಂಕಿಯೂ ಭೂಮಿಯ ವ್ಯಾಪಾರವೂ ಫ್ಲಾರಿಡಾವನ್ನು ಎತ್ತ ಒಯ್ಯುತ್ತಿವೆ ಎಂದು ಎಚ್ಚರಿಸಿದರು. ಭೂಮಿ ಕೊಳ್ಳುವವರು ಸಾಲುಗಟ್ಟಿದ್ದ ದಶಕದಲ್ಲಿ ಅಂಥ ಎಚ್ಚರಿಕೆಗೆ ಕಿವಿಗಳು ಹೆಚ್ಚಿರಲಿಲ್ಲ.

ಆದರೂ ಕೊಡಲಿ ಮತ್ತು ಗರಗಸ ಈ ನೆಲವನ್ನು ಪೂರ್ತಿ ಕೊಂದಿರಲಿಲ್ಲ, ಮರ ಹೋದರೂ ಬಂಡೆಯ ಬಿರುಕಿನ ಬೀಜ ಬೇರುಗಳು ಉಳಿದಿರುತ್ತಿದ್ದವು. ಅದನ್ನು ಮುಗಿಸಿದ್ದು ಬಂಡೆಯ ಮೇಲ್ಪದರವನ್ನೇ ಪುಡಿಮಾಡಿ ಬೇಸಾಯಕ್ಕೆ ಹದಗೊಳಿಸುವ ಯಂತ್ರದ ನೇಗಿಲು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಮಯಾಮಿಯ ದಕ್ಷಿಣದ ಹೋಮ್‌ಸ್ಟೆಡ್ ಪಟ್ಟಣದ ಸುತ್ತಿನ ಟೊಮ್ಯಾಟೊ ಮತ್ತು ಹಣ್ಣಿನ ಕೃಷಿಗೆ ದಾರಿಮಾಡಿದ ಈ ಉಪಾಯ, ಗುಳಿ, ಬಿರುಕು, ಏರುತಗ್ಗು ಒಂದನ್ನೂ ಬಿಡದೆ ದಿಬ್ಬವನ್ನು ಸಪಾಟುಗೊಳಿಸಿತು. ಉಳುಮೆ ನಿಂತ ಮೇಲೂ ಅಲ್ಲಿ ಹಳೆಯ ಕಾಡು ಮರಳಲಿಲ್ಲ, ಹೊರಗಿನಿಂದ ಬಂದ ಬ್ರೆಜಿಲ್ ಮೆಣಸಿನ ಪೊದೆ ಆವರಿಸಿತು. 1947ರಲ್ಲಿ ಸ್ಥಾಪನೆಯಾದ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನದ ಹೊರಗೆ, ದಿಬ್ಬದ ಮೇಲಿನ ಮೂಲ ಪೈನ್ ಕಾಡಿನಲ್ಲಿ ಇಂದು ಶೇಕಡಾ 2ರಷ್ಟೂ ಉಳಿದಿಲ್ಲ.

ಉಳಿದ ತುಣುಕುಗಳಲ್ಲಿ ದೊಡ್ಡದು ರಿಚ್ಮಂಡ್ ಎಂಬಲ್ಲಿಯದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ನೌಕಾಪಡೆಯ ವಾಯುನೌಕೆಗಳ ನೆಲೆಯಿತ್ತು. 1945ರ ಸೆಪ್ಟೆಂಬರಿನ ಚಂಡಮಾರುತ ಮತ್ತು ಬೆಂಕಿಗೆ ಅದರ ಭಾರಿ ಕೊಟ್ಟಿಗೆಗಳು ಉರಿದುಹೋದ ಮೇಲೆ, 1960ರ ದಶಕದಲ್ಲಿ ಕ್ಯೂಬಾದ ವಿರುದ್ಧ ಕೆಲಸಮಾಡುತ್ತಿದ್ದ ಸಿಐಎ ಗುಪ್ತಚರ ಠಾಣೆ ಆ ಆವರಣದಲ್ಲಿತ್ತು. ಅಪರೂಪದ ಗಿಡಗಳ ಪಾಲಿಗೆ ಸೈನ್ಯದ ಬೇಲಿ ಎಷ್ಟೋ ಸಲ ಉದ್ಯಾನದ ಬೇಲಿಗಿಂತ ಮೊದಲು ಬಂದಿರುತ್ತದೆ ಎಂಬುದಕ್ಕೆ ಮರಳು ಅಗಸೆಯೂ ಸಾಕ್ಷಿ: ಅದು ಇಂದು ಹೆಚ್ಚಾಗಿ ಕಾಣಸಿಗುವ ಜಾಗಗಳಲ್ಲಿ ಹೋಮ್‌ಸ್ಟೆಡ್ ವಾಯುನೆಲೆಯ ಹುಲ್ಲುಬಯಲು ಒಂದು, ದಕ್ಷಿಣದ ಬಿಗ್ ಪೈನ್ ದ್ವೀಪ ಇನ್ನೊಂದು. ಕಾಲುವೆಯ ಏರಿ, ರಸ್ತೆಯ ಅಂಚುಗಳಲ್ಲೂ ಅದು ಬದುಕಿಕೊಂಡಿದೆ, ಏಕೆಂದರೆ ಹುಲ್ಲು ಕತ್ತರಿಸುವ ಯಂತ್ರ ಅಲ್ಲಿ ಬೆಂಕಿಯ ಕೆಲಸವನ್ನು ಒಂದಷ್ಟು ಮಾಡುತ್ತದೆ. ಬೀಜ ಬಲಿಯುವ ಮೊದಲೇ ಯಂತ್ರ ಹರಿದರೆ ಮಾತ್ರ ಆ ಉಪಕಾರವೇ ಅಪಕಾರವಾಗುತ್ತದೆ. ಬಿಗ್ ಪೈನ್ ದ್ವೀಪದಲ್ಲಿಯ ಚಿಂತೆ ಬೇರೆ. ತಗ್ಗಿನಲ್ಲಿರುವ ಆ ನೆಲಕ್ಕೆ 2005ರ ವಿಲ್ಮಾ ಮತ್ತು 2017ರ ಇರ್ಮಾ ಚಂಡಮಾರುತಗಳು ಕಡಲ ನೀರನ್ನು ನುಗ್ಗಿಸಿದವು, ಏರುತ್ತಿರುವ ಸಮುದ್ರಮಟ್ಟ ಅದನ್ನು ಇನ್ನಷ್ಟು ಸಲ ನುಗ್ಗಿಸಲಿದೆ.

ಅಮೆರಿಕದ ಕೇಂದ್ರ ಸರ್ಕಾರ 2014ರಲ್ಲಿ ಕಾರ್ಟರ್ ಅಗಸೆಯ ಮೂಲ ಉಪಬಗೆಯನ್ನೂ 2016ರಲ್ಲಿ ಮರಳು ಅಗಸೆಯನ್ನೂ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ಕಾರ್ಟರ್ ಅಗಸೆಯ ಆ ಉಪಬಗೆ ಆಗ ಏಳೇ ಕಡೆಗಳಲ್ಲಿ, ಒಟ್ಟು ಸುಮಾರು 1,300 ಗಿಡಗಳಷ್ಟು ಉಳಿದಿತ್ತು. ಆದರೆ ಈ ಪಟ್ಟಿಗೆ ಆಧಾರವಾದ 1973ರ ಕಾಯಿದೆ ಪ್ರಾಣಿಗಳನ್ನು ಕಾಯುವಂತೆ ಸಸ್ಯಗಳನ್ನು ಕಾಯುವುದಿಲ್ಲ. ಪಟ್ಟಿಯಲ್ಲಿರುವ ಪ್ರಾಣಿಯನ್ನು ಯಾರ ಜಮೀನಿನಲ್ಲಿ ಕೊಂದರೂ ಅಪರಾಧ. ಗಿಡವಾದರೋ, ಅದು ಖಾಸಗಿ ಜಮೀನಿನಲ್ಲಿದ್ದು ರಾಜ್ಯದ ಕಾನೂನು ಅಡ್ಡಬರದಿದ್ದರೆ, ಮಾಲೀಕ ಅದನ್ನು ಕಿತ್ತೆಸೆದರೂ ಕೇಂದ್ರದ ಕಾಯಿದೆ ತಡೆಯದು. ಹೀಗಾಗಿ ಈ ಎರಡು ಅಗಸೆಗಳಿಗೆ ಪಟ್ಟಿಗಿಂತ ಹೆಚ್ಚಿನ ಆಸರೆಯಾಗಿರುವುದು ಮಯಾಮಿ-ಡೇಡ್ ಕೌಂಟಿಯ ಮತದಾರರು 1990ರಲ್ಲಿ ತಮ್ಮ ಮೇಲೆ ತಾವೇ ಹಾಕಿಕೊಂಡ ತೆರಿಗೆ. ಆ ಹಣದಿಂದ ಕೌಂಟಿ ಆಡಳಿತ ಅಳಿದುಳಿದ ಪೈನ್ ಕಾಡಿನ ತುಣುಕುಗಳನ್ನು ಕೊಳ್ಳುತ್ತ, ಸುತ್ತಲಿನ ಮನೆಗಳಿಗೆ ಹೊಗೆ ತಾಗದಂತೆ ಗಾಳಿ ನೋಡಿಕೊಂಡು ಆ ತುಣುಕುಗಳಿಗೆ ಬೆಂಕಿ ಇಡಿಸುತ್ತದೆ.