ಅಯಾನು ಕಾಲುವೆಗಳು ಮತ್ತು ರಕ್ತ ಕ್ಯಾನ್ಸರ್: ಸಂಶೋಧನೆಯ ಇತಿಹಾಸ

ಜೀವಕೋಶದ ಹೊರಪೊರೆ ಕೊಬ್ಬಿನದು. ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂ, ಕ್ಲೋರೈಡ್‌ಗಳಂಥ ವಿದ್ಯುದಾವೇಶವುಳ್ಳ ಕಣಗಳು, ಅಂದರೆ ಅಯಾನುಗಳು, ಅದನ್ನು ತಾವಾಗಿ ದಾಟಲಾರವು. ಅವುಗಳಿಗೆ ದಾರಿ ಬಿಡುವ ಪ್ರೋಟೀನು ರಂಧ್ರಗಳೇ ಅಯಾನು ಕಾಲುವೆಗಳು. ತೆರೆದಿರುವ ಒಂದು ಕಾಲುವೆಯಲ್ಲಿ ಸೆಕೆಂಡಿಗೆ ಒಂದು ಕೋಟಿಯಷ್ಟು ಅಯಾನುಗಳು ಹಾದುಹೋಗಬಲ್ಲವು. ನರ, ಸ್ನಾಯು, ಹೃದಯಗಳ ಕೆಲಸ ಇವುಗಳಿಂದ ನಡೆಯುತ್ತದೆ ಎಂಬುದು ಇಪ್ಪತ್ತನೆಯ ಶತಮಾನದ ನಡುವಿನಲ್ಲೇ ಗೊತ್ತಾಗಿತ್ತು. ಬಿಳಿ ರಕ್ತಕಣಗಳಿಗೂ ಅವು ಕೆಟ್ಟಾಗ ಹುಟ್ಟುವ ಕ್ಯಾನ್ಸರುಗಳಿಗೂ ಇವುಗಳ ನಂಟಿದೆ ಎಂದು ತಿಳಿದುಬಂದದ್ದು 1984ರಿಂದೀಚೆಗೆ. ಈ ನಂಟಿನ ಚರಿತ್ರೆಯಲ್ಲಿ ಮತ್ತೆ ಮತ್ತೆ ಎದುರಾಗುವುದು ಹೃದಯ. ರಕ್ತ ಕ್ಯಾನ್ಸರಿನ ಒಂದು ಬಗೆಯಾದ ಲ್ಯುಕೇಮಿಯಾದ ಕೋಶಗಳು ಬಳಸಿಕೊಳ್ಳುವ ಒಂದು ಮುಖ್ಯ ಕಾಲುವೆ ಹೃದಯದ ಲಯಕ್ಕೂ ಬೇಕು. ಔಷಧ ಹುಡುಕುವವರ ಕೈಯನ್ನು ಇಂದಿಗೂ ಕಟ್ಟಿಹಾಕಿರುವುದು ಇದೇ ಸಂಗತಿ.

ಹಿನ್ನೆಲೆ

ರಕ್ತ ಕ್ಯಾನ್ಸರನ್ನು 1845ರಲ್ಲಿ ಸ್ಕಾಟ್ಲೆಂಡಿನ ಜಾನ್ ಹ್ಯೂಸ್ ಬೆನೆಟ್ ಮತ್ತು ಜರ್ಮನಿಯ ರುಡಾಲ್ಫ್ ವಿರ್ಶೋ ಬೇರೆ ಬೇರೆಯಾಗಿ ವಿವರಿಸಿದರು. ಅಯಾನುಗಳ ಅಧ್ಯಯನಕ್ಕೂ ಇದಕ್ಕೂ ನೂರು ವರ್ಷಕ್ಕೂ ಮಿಕ್ಕಿ ಯಾವ ಸಂಬಂಧವೂ ಇರಲಿಲ್ಲ. ಅಲನ್ ಹಾಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್ಲಿ ಅವರು ಕಡಲಿನ ಸ್ಕ್ವಿಡ್ ಜೀವಿಯ ದಪ್ಪನೆಯ ನರತಂತುವಿನ ಮೇಲೆ ಪ್ರಯೋಗ ಮಾಡಿ, ನರದ ಸಂದೇಶವೆಂದರೆ ಸೋಡಿಯಂ, ಪೊಟ್ಯಾಸಿಯಂಗಳ ಹರಿವು ಎಂದು 1952ರಲ್ಲಿ ತೋರಿಸಿಕೊಟ್ಟರು. 1963ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಬಂತು. ಅಲ್ಲಿಂದ ಕಾಲುವೆಗಳ ವಿದ್ಯೆ ನರವಿಜ್ಞಾನಿಗಳ ಸೊತ್ತಾಗಿಯೇ ಉಳಿಯಿತು.

ದಾರಿ ತೆರೆದದ್ದು ಒಂದು ಉಪಕರಣ. ಜರ್ಮನಿಯ ಎರ್ವಿನ್ ನೇಹರ್ ಮತ್ತು ಬರ್ಟ್ ಸಾಕ್‌ಮನ್ 1976ರಲ್ಲಿ ಗಾಜಿನ ಸಣ್ಣ ಕೊಳವೆಯ ತುದಿಯನ್ನು ಕಪ್ಪೆಯ ಸ್ನಾಯುಕೋಶದ ಪೊರೆಗೆ ಒತ್ತಿ, ಒಂದೇ ಒಂದು ಕಾಲುವೆಯಲ್ಲಿ ಹರಿಯುವ ವಿದ್ಯುತ್ತನ್ನು ಅಳೆದರು. ಕೊಳವೆಯ ಬಾಯಿ ಕೆಲವೇ ಮೈಕ್ರಾನ್ ಅಗಲದ್ದು. ಪ್ಯಾಚ್ ಕ್ಲ್ಯಾಂಪ್ ಎಂದು ಹೆಸರಾದ ಈ ವಿಧಾನಕ್ಕೆ 1991ರಲ್ಲಿ ನೊಬೆಲ್ ಬಂತು. ಅದುವರೆಗೆ ದೊಡ್ಡ ನರತಂತುಗಳೇ ಬೇಕಿತ್ತು. ಇನ್ನು ಮುಂದೆ ಹತ್ತು ಮೈಕ್ರಾನನ್ನೂ ಮೀರದ, ಲಿಂಫೋಸೈಟ್ ಎಂಬ ಬಿಳಿ ರಕ್ತಕಣ ಕೂಡ ಪರೀಕ್ಷೆಗೆ ಸಿಗುವಂತಾಯಿತು.

1984: ಲಿಂಫೋಸೈಟಿನಲ್ಲಿ ವಿದ್ಯುತ್ತು

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದಲ್ಲಿ ಥಾಮಸ್ ಡಿಕೋರ್ಸಿ, ಕೆ. ಜಾರ್ಜ್ ಚಾಂಡಿ, ಸುಧೀರ್ ಗುಪ್ತಾ, ಮೈಕೆಲ್ ಕ್ಯಾಹಲನ್ ಸೇರಿ ಮನುಷ್ಯರ ಟಿ ಲಿಂಫೋಸೈಟುಗಳ ಮೇಲೆ ಈ ಕೊಳವೆ ಇಟ್ಟರು. ಚಾಂಡಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಓದಿದ ವೈದ್ಯರು. ನರಕ್ಕೂ ಸ್ನಾಯುವಿಗೂ ಸೇರದ ಈ ಕಣದಲ್ಲಿ, ವೋಲ್ಟೇಜಿಗೆ ಸ್ಪಂದಿಸಿ ತೆರೆದುಕೊಳ್ಳುವ ಪೊಟ್ಯಾಸಿಯಂ ಕಾಲುವೆ ಕಂಡಿತು. ಬೀನ್ಸ್ ಬೀಜದಿಂದ ತೆಗೆಯುವ ಒಂದು ಪ್ರೋಟೀನನ್ನು ಹಾಕಿದರೆ ಲಿಂಫೋಸೈಟುಗಳು ವಿಭಜನೆಗೆ ತೊಡಗುತ್ತವೆ. ಅದೇ ಪ್ರೋಟೀನು ಕಾಲುವೆಗಳನ್ನು ಇನ್ನಷ್ಟು ಸುಲಭವಾಗಿ ತೆರೆಸುತ್ತಿತ್ತು. ಕ್ವಿನೈನ್ ಮುಂತಾದ ತಡೆಗಳಿಂದ ಕಾಲುವೆ ಮುಚ್ಚಿದಾಗ ವಿಭಜನೆಯೂ ನಿಂತಿತು. 1984ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಈ ವರದಿಯ ಶೀರ್ಷಿಕೆ ಒಂದು ಪ್ರಶ್ನೆಚಿಹ್ನೆಯೊಂದಿಗೆ ಮುಗಿಯುತ್ತದೆ. ಕಾಲುವೆಗೂ ವಿಭಜನೆಗೂ ಸಂಬಂಧವಿದೆಯೇ ಎಂದು ಲೇಖಕರು ಕೇಳಿದ್ದರು. ಈ ಕ್ಷೇತ್ರದಲ್ಲಿ ಆಮೇಲೆ ನಡೆದದ್ದೆಲ್ಲ ಆ ಪ್ರಶ್ನೆಗೆ ಉತ್ತರವೆಂದೇ ಹೇಳಬೇಕು. ಕೆವಿ 1.3 ಎಂಬುದು ಈ ಕಾಲುವೆಗೆ ನಂತರ ನಿಂತ ಹೆಸರು.

ಪೊಟ್ಯಾಸಿಯಂ ಹೊರಹೋದಷ್ಟೂ ಕೋಶದ ಒಳಗಿನ ಋಣ ವೋಲ್ಟೇಜ್ ಉಳಿಯುತ್ತದೆ. ಆ ಸೆಳೆತದಿಂದ ಕ್ಯಾಲ್ಸಿಯಂ ಒಳಬರುತ್ತದೆ. ಹೊರಗಿನ ಕ್ಯಾಲ್ಸಿಯಂ ಪ್ರಮಾಣ ಒಳಗಿನದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು. ಆದ್ದರಿಂದ ಸ್ವಲ್ಪ ಒಳನುಗ್ಗಿದರೂ ಕೋಶಕ್ಕೆ ಅದೊಂದು ಗಟ್ಟಿ ಆಜ್ಞೆ. ಈ ಕ್ಯಾಲ್ಸಿಯಂ ಬಾಗಿಲಿನ ಪ್ರೋಟೀನು ಓರೈ 1 ಎಂದು 2006ರಲ್ಲಿ ಪತ್ತೆಯಾಯಿತು. ಹಾರ್ವರ್ಡಿನಲ್ಲಿದ್ದ ಅಂಜನಾ ರಾವ್ ಅವರ ತಂಡ ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಇಲ್ಲದ ಮಕ್ಕಳ ಕೋಶಗಳನ್ನು ಅಭ್ಯಸಿಸಿ ಇದನ್ನು ಕಂಡುಹಿಡಿದ ತಂಡಗಳಲ್ಲೊಂದು.

ಹರ್ಗ್ ಕಾಲುವೆ ಮತ್ತು ಲ್ಯುಕೇಮಿಯಾ

ಈಥರ್ ಹಾಯಿಸಿದಾಗ ಕಾಲು ನಡುಗಿಸುವ ಹಣ್ಣುನೊಣಗಳ ಒಂದು ತಳಿ 1960ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ದೊರೆತಿತ್ತು. ದೋಷವಿದ್ದದ್ದು ಪೊಟ್ಯಾಸಿಯಂ ಕಾಲುವೆಯೊಂದರ ಜೀನಿನಲ್ಲಿ. ಅದರ ಬಳಗದ ಮಾನವ ಜೀನನ್ನು ಜೆಫ್ರಿ ವಾರ್ಮ್‌ಕಿ ಮತ್ತು ಬ್ಯಾರಿ ಗನೆಟ್ಸ್ಕಿ 1994ರಲ್ಲಿ ಗುರುತಿಸಿದರು; ಹರ್ಗ್ ಎಂದು ಅದಕ್ಕೆ ಹೆಸರಾಯಿತು. ಮರುವರ್ಷವೇ ಅದರ ಮಹತ್ವ ಹೃದ್ರೋಗ ತಜ್ಞರಿಂದ ಹೊರಬಿತ್ತು. ಪ್ರತಿ ಬಡಿತದ ನಂತರ ಹೃದಯದ ಕೋಶಗಳು ಮೊದಲ ಸ್ಥಿತಿಗೆ ಮರಳಲು ಹರ್ಗ್ ಬೇಕು. ಅದು ಕೆಟ್ಟ ಕುಟುಂಬಗಳಲ್ಲಿ ಇ.ಸಿ.ಜಿ.ಯ ಕ್ಯುಟಿ ಅಂತರ ಉದ್ದವಾಗಿ, ಎಳೆಯ ವಯಸ್ಸಿನಲ್ಲೇ ಹಠಾತ್ ಸಾವು ಬರುತ್ತಿತ್ತು.

ಇತ್ತ ಇಟಲಿಯ ಫ್ಲಾರೆನ್ಸಿನಲ್ಲಿ ಅನ್ನರೋಸಾ ಅರ್ಕಾಂಜೆಲಿ ಮತ್ತು ಸಂಗಡಿಗರು ಇದೇ ಕಾಲುವೆಯನ್ನು ಕ್ಯಾನ್ಸರ್ ಕೋಶಗಳಲ್ಲಿ ಕಾಣತೊಡಗಿದ್ದರು. ಲ್ಯುಕೇಮಿಯಾ ಕೋಶಗಳಲ್ಲಿ ಹರ್ಗ್ ಹೆಚ್ಚಿರುವುದು 2002ರಲ್ಲಿ ವರದಿಯಾಯಿತು. ತೀವ್ರ ಮೈಲಾಯ್ಡ್ ಲ್ಯುಕೇಮಿಯಾದಲ್ಲಿ ಈ ಕಾಲುವೆ ಇಂಟಿಗ್ರಿನ್ ಎಂಬ ಅಂಟುಪ್ರೋಟೀನಿನ ಜೊತೆ ಕೂಡಿಕೊಂಡು ಕೋಶಗಳ ವಲಸೆಗೆ ಒತ್ತಾಸೆಯಾಗುತ್ತದೆ, ಇಂಥ ರೋಗಿಗಳ ಸ್ಥಿತಿ ಬೇಗ ಹದಗೆಡುತ್ತದೆ ಎಂದು 2007ರಲ್ಲಿ ಬ್ಲಡ್ ಪತ್ರಿಕೆಯಲ್ಲಿ ಪ್ರಕಟಿಸಿದರು. 2011ರದು ಇನ್ನೂ ಮುಖ್ಯವಾದ ಕೆಲಸ. ಮಕ್ಕಳಲ್ಲಿ ಹೆಚ್ಚಾಗಿ ಬರುವ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದ ಕೋಶಗಳು ಅಸ್ಥಿಮಜ್ಜೆಯ ಆಸರೆಯ ಕೋಶಗಳಿಗೆ ಒರಗಿಕೊಂಡು ಔಷಧದಿಂದ ಬಚಾವಾಗುತ್ತವೆ. ಹರ್ಗ್ ಮುಚ್ಚಿದಾಗ ಆ ರಕ್ಷಣೆ ಮುರಿಯಿತು, ಕೀಮೋಥೆರಪಿ ಮತ್ತೆ ನಾಟಿತು.

ಪ್ರಯೋಗಾಲಯದಲ್ಲಿ ಇಷ್ಟು ಚೆನ್ನಾಗಿ ಕಂಡದ್ದನ್ನು ಆಸ್ಪತ್ರೆಗೆ ತರಲು ಯಾಕೆ ಆಗಲಿಲ್ಲ? ಹರ್ಗ್ ಮುಚ್ಚುವ ಔಷಧಗಳನ್ನು ಔಷಧ ಉದ್ಯಮ ಅಷ್ಟರಲ್ಲಿ ಹೊರದಬ್ಬುತ್ತಿತ್ತು. ಅಲರ್ಜಿಗೆ ಕೊಡುತ್ತಿದ್ದ ಟರ್ಫೆನಡಿನ್, ಹೊಟ್ಟೆಯ ತೊಂದರೆಗೆ ಕೊಡುತ್ತಿದ್ದ ಸಿಸಪ್ರೈಡ್ ಎರಡೂ ಹೃದಯದ ಲಯ ಕೆಡಿಸುವ ಕಾರಣಕ್ಕೆ ಅಮೆರಿಕದ ಮಾರುಕಟ್ಟೆಯಿಂದ ಹೋದವು. 2005ರಿಂದ ಅಂತರರಾಷ್ಟ್ರೀಯ ನಿಯಮಾವಳಿಗಳು ಹೊಸ ಔಷಧ ಹರ್ಗ್ ಕಾಲುವೆಯನ್ನು ತಡೆಯುತ್ತದೆಯೇ ಎಂದು ಮೊದಲೇ ನೋಡಬೇಕೆಂದು ಹೇಳುತ್ತವೆ. ಒಂದೇ ಕಾಲುವೆಗೆ ಒಂದು ವಿಭಾಗದಲ್ಲಿ ಗುರಿಯ ಪಟ್ಟ, ಇನ್ನೊಂದರಲ್ಲಿ ಅಪಾಯದ ಪಟ್ಟ.

ಆರ್ಸೆನಿಕ್, ಪೊಟ್ಯಾಸಿಯಂ ಮತ್ತು ಇ.ಸಿ.ಜಿ.

ಕೊಲ್ಲೂರು, ಬೈಂದೂರು, ಕುಂದಾಪುರ, ಬ್ರಹ್ಮಾವರದ ಕಡೆಯವರಿಗೆ ದೊಡ್ಡ ಕಾಯಿಲೆಯೆಂದರೆ ಮಣಿಪಾಲ. ಟಿ.ಎಂ.ಎ. ಪೈ ಅವರು 1953ರಲ್ಲಿ ಅಲ್ಲಿ ವೈದ್ಯಕೀಯ ಕಾಲೇಜು ಆರಂಭಿಸಿದ್ದರಿಂದ ಈ ದಾರಿ ತೆರೆಯಿತು. ಅಲ್ಲಾಗಲಿ, ಬೆಂಗಳೂರಿನಲ್ಲಾಗಲಿ, ವೆಲ್ಲೂರಿನಲ್ಲಾಗಲಿ ರಕ್ತ ಕ್ಯಾನ್ಸರಿನ ರೋಗಿಯ ಮನೆಯವರಿಗೆ ಅಯಾನು ಕಾಲುವೆಯ ಪರಿಚಯ ಆಗುವುದು ಬಹುಪಾಲು ಪೊಟ್ಯಾಸಿಯಂ ವರದಿ ಮತ್ತು ಇ.ಸಿ.ಜಿ. ಚೀಟಿಯ ಮೂಲಕವೇ.

ಪ್ರೋಮೈಲೋಸೈಟಿಕ್ ಲ್ಯುಕೇಮಿಯಾಕ್ಕೆ ಆರ್ಸೆನಿಕ್ ಟ್ರೈಆಕ್ಸೈಡ್ ನಾಟುತ್ತದೆಂದು ಚೀನಾದ ಹಾರ್ಬಿನ್ ನಗರದ ವೈದ್ಯರು 1970ರ ದಶಕದಿಂದ ತೋರಿಸುತ್ತ ಬಂದರು. 2000ದಲ್ಲಿ ಅಮೆರಿಕದ ಮಾನ್ಯತೆ ಸಿಕ್ಕಿತು. ವೆಲ್ಲೂರಿನ ವಿಕ್ರಮ್ ಮ್ಯಾಥ್ಯೂಸ್ ಮತ್ತು ಸಹೋದ್ಯೋಗಿಗಳು ಹೊಸದಾಗಿ ಪತ್ತೆಯಾದ 72 ರೋಗಿಗಳಿಗೆ ಈ ಔಷಧವನ್ನೇ ಮುಖ್ಯವಾಗಿ ಕೊಟ್ಟು, ಸುಮಾರು 86 ಶೇಕಡ ಮಂದಿಯಲ್ಲಿ ರೋಗ ಪೂರ್ಣವಾಗಿ ಇಳಿದುದನ್ನು 2006ರಲ್ಲಿ ವರದಿ ಮಾಡಿದರು. ದುಬಾರಿ ಕೀಮೋಥೆರಪಿ ಭರಿಸಲಾಗದ ದಕ್ಷಿಣ ಭಾರತದ ಕುಟುಂಬಗಳಿಗೆ ಇದು ಜೀವದಾನವೇ ಸರಿ. ಆದರೆ ಆರ್ಸೆನಿಕ್ ಹೃದಯದ ಹರ್ಗ್ ಪ್ರೋಟೀನು ಪೊರೆಯವರೆಗೆ ತಲಪದಂತೆ ನಡುವೆಯೇ ತಡೆಯುತ್ತದೆಂದು 2004ರಲ್ಲಿ ಗೊತ್ತಾಯಿತು. ಹೀಗಾಗಿ ಔಷಧ ಕೊಡುವ ಕಾಲದಲ್ಲಿ ಮೇಲಿಂದ ಮೇಲೆ ಇ.ಸಿ.ಜಿ. ತೆಗೆಯುತ್ತಾರೆ. ಸರಿಹೊಂದಿಸಿದ ಕ್ಯುಟಿ 500 ಮಿಲಿಸೆಕೆಂಡ್ ದಾಟಿದರೆ ಔಷಧ ನಿಲ್ಲಿಸಿ ನೋಡುತ್ತಾರೆ, ರಕ್ತದ ಪೊಟ್ಯಾಸಿಯಂ ಲೀಟರಿಗೆ 4 ಮಿಲಿಮೋಲಿಗಿಂತ ಕೆಳಗಿಳಿಯದಂತೆ ಕಾಯುತ್ತಾರೆ.

ಇದರ ತದ್ವಿರುದ್ಧ ಗಂಡಾಂತರವೂ ಇದೆ. ಕೋಶದೊಳಗೆ ಪೊಟ್ಯಾಸಿಯಂ ಲೀಟರಿಗೆ ಸುಮಾರು 140 ಮಿಲಿಮೋಲ್, ಹೊರಗೆ 4ರ ಆಸುಪಾಸು. ಕೀಮೋಥೆರಪಿಯಿಂದ ಅಸಂಖ್ಯ ಲ್ಯುಕೇಮಿಯಾ ಕೋಶಗಳು ಒಮ್ಮೆಗೇ ಒಡೆದರೆ ಆ ಪೊಟ್ಯಾಸಿಯಂ ಎಲ್ಲ ರಕ್ತಕ್ಕೆ ಸುರಿಯುತ್ತದೆ. ಹೃದಯ ನಿಂತೇ ಹೋಗಬಹುದು. ಟ್ಯೂಮರ್ ಲೈಸಿಸ್ ಎನ್ನುವುದು ಇದಕ್ಕೆ. ಕರಾವಳಿಯಲ್ಲಿ ರೋಗಿ ನೋಡಲು ಹೋಗುವವರು ಬೊಂಡ, ಅಂದರೆ ಎಳನೀರು, ಹಿಡಿದುಕೊಂಡೇ ಹೋಗುವುದು. ಎಳನೀರಿನಲ್ಲಿ ರಕ್ತದ ದ್ರವಕ್ಕಿಂತ ಹತ್ತು ಪಟ್ಟಿನಷ್ಟು ಪೊಟ್ಯಾಸಿಯಂ ಇರುವುದರಿಂದ, ಚಿಕಿತ್ಸೆಯ ಮೊದಲ ದಿನಗಳಲ್ಲಿ ವೈದ್ಯರನ್ನು ಕೇಳದೆ ಅದನ್ನು ಕುಡಿಸಬಾರದು. ಬಿಳಿ ಕಣಗಳ ಸಂಖ್ಯೆ ವಿಪರೀತ ಏರಿದ ರೋಗಿಗಳಲ್ಲಿ ಇನ್ನೊಂದು ಗೊಂದಲ: ಸೂಕ್ಷ್ಮವಾದ ಕಣಗಳು ಪರೀಕ್ಷೆಯ ನಳಿಕೆಯಲ್ಲೇ ಒಡೆದು, ಮೈಯಲ್ಲಿ ಇಲ್ಲದ ಪೊಟ್ಯಾಸಿಯಂ ಏರಿಕೆಯನ್ನು ವರದಿಯಲ್ಲಿ ತೋರಿಸಬಹುದು.

ಕುಷ್ಠರೋಗದ ಮಾತ್ರೆ

ಹರ್ಗ್ ಕಾಲುವೆಯನ್ನು ಬದಿಗಿಟ್ಟು ಹೋಗಬಹುದಾದ ದಾರಿಯನ್ನು ತೋರಿಸಿದವರು ಇಟಲಿಯ ಪಾದುವಾದ ಇಲ್ಡಿಕೊ ಸಾಬೊ. ಲಿಂಫೋಸೈಟಿನ ಕೆವಿ 1.3 ಕಾಲುವೆ ಹೊರಪೊರೆಯಲ್ಲಿ ಮಾತ್ರವಲ್ಲ, ಕೋಶದೊಳಗಿನ ಮೈಟೊಕಾಂಡ್ರಿಯದ ಪೊರೆಯಲ್ಲೂ ಇದೆಯೆಂದು ಅವರ ತಂಡ 2005ರಲ್ಲಿ ಹೇಳಿತು. ಕೋಶ ತಾನಾಗಿ ಸಾಯುವ ಕ್ರಿಯೆಯಲ್ಲಿ ಆ ಒಳಗಿನ ಕಾಲುವೆಗೆ ಪಾತ್ರವಿದೆಯೆಂದು 2008ರಲ್ಲಿ ತೋರಿತು. ಹೊರಪೊರೆ ದಾಟಲಾರದ ತಡೆಗಳು ಕೋಶವನ್ನು ಕೊಲ್ಲಲಿಲ್ಲ, ಒಳಹೊಕ್ಕವು ಕೊಂದವು. ಅಂಥ ಒಳಹೊಗುವ ವಸ್ತುಗಳಲ್ಲಿ ಎರಡು, ನಮ್ಮ ನಾಟಿ ವೈದ್ಯರು ತೊನ್ನಿಗೆ ಬಳಸುವ ಬಾಕುಚಿಯಲ್ಲಿರುವ ಸೊರಾಲೆನ್ ಬಳಗದವು. ಮೂರನೆಯದು ಕ್ಲೊಫಾಜಿಮೈನ್.

ಕ್ಲೊಫಾಜಿಮೈನ್ ಡಬ್ಲಿನ್ನಿನಲ್ಲಿ ವಿನ್ಸೆಂಟ್ ಬ್ಯಾರಿ ಮತ್ತು ಸಂಗಡಿಗರು 1950ರ ದಶಕದಲ್ಲಿ ಕ್ಷಯಕ್ಕೆಂದು ಮಾಡಿದ ಔಷಧ. ಅದಕ್ಕೆ ನೆಲೆ ಸಿಕ್ಕಿದ್ದು ಕುಷ್ಠರೋಗದ ಚಿಕಿತ್ಸೆಯಲ್ಲಿ. 1980ರ ದಶಕದಿಂದ ಭಾರತದ ಹಳ್ಳಿಗಳ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಹಂಚಿದ ಬಹುಔಷಧ ಪೊಟ್ಟಣದಲ್ಲಿ ಇದೂ ಇತ್ತು. ತಿಂದವರ ಚರ್ಮ ಕೆಂಗಪ್ಪಾಗುವುದು ಇದರಿಂದಲೇ. 2008ರಲ್ಲಿ ಇದು ಕೆವಿ 1.3 ತಡೆಯೆಂದು ತಿಳಿಯಿತು. 2013ರಲ್ಲಿ ಸಾಬೊ ತಂಡ ದೀರ್ಘಕಾಲದ ಲಿಂಫೋಸೈಟಿಕ್ ಲ್ಯುಕೇಮಿಯಾದ ರೋಗಿಗಳಿಂದ ತೆಗೆದ ಕೋಶಗಳನ್ನು ಇದು ಆರಿಸಿ ಕೊಲ್ಲುತ್ತದೆ, ಆರೋಗ್ಯವಂತ ಲಿಂಫೋಸೈಟುಗಳನ್ನು ಬಹುಮಟ್ಟಿಗೆ ಬಿಡುತ್ತದೆ ಎಂದು ಪ್ರಕಟಿಸಿತು. ಇಡೀ ಚರಿತ್ರೆಯಲ್ಲಿ ಅತ್ಯಂತ ಆಶಾದಾಯಕವಾದದ್ದು ಇದೇ ಎನ್ನಬೇಕು: ಹಳೆಯ ಔಷಧ, ಅಗ್ಗದ್ದು, ದಶಕಗಳ ಬಳಕೆಯಿಂದ ಗುಣದೋಷ ಗೊತ್ತಿರುವಂಥದು.

ಕರ್ನಾಟಕದಲ್ಲಿ

ಬೆಂಗಳೂರಿನಲ್ಲಿ ಕಾಲುವೆಯ ವಿದ್ಯೆ, ರಕ್ತ ಕ್ಯಾನ್ಸರಿನ ವಿದ್ಯೆ ಎರಡೂ ಬೆಳೆದಿವೆ, ಬೇರೆ ಬೇರೆ ಕಟ್ಟಡಗಳಲ್ಲಿ. ಜಿ.ಎನ್. ರಾಮಚಂದ್ರನ್ ಕಟ್ಟಿದ ಭಾರತೀಯ ವಿಜ್ಞಾನ ಸಂಸ್ಥೆಯ ಅಣುಜೀವಭೌತ ವಿಭಾಗದಲ್ಲಿ ಸುಜಿತ್ ಸಿಕ್ದಾರ್ ಪ್ಯಾಚ್ ಕ್ಲ್ಯಾಂಪ್ ಕೆಲಸ ನಡೆಸಿದರು. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಎಂ.ಕೆ. ಮ್ಯಾಥ್ಯೂ ಪೊಟ್ಯಾಸಿಯಂ ಕಾಲುವೆಗಳನ್ನೂ, ಗೈತಿ ಹಸನ್ ಹಣ್ಣುನೊಣದಲ್ಲಿ ಕ್ಯಾಲ್ಸಿಯಂ ಬಿಡುಗಡೆಯ ಐಪಿ3 ಗ್ರಾಹಕವನ್ನೂ ಅಭ್ಯಸಿಸಿದರು. ಕೋಶದೊಳಗಿನ ಕ್ಯಾಲ್ಸಿಯಂ ಸಂಕೇತ ಕೆಟ್ಟರೆ ನೊಣ ಹಾರಲಾರದು ಎಂದು ಹಸನ್ ತಂಡ 2009ರಲ್ಲಿ ತೋರಿಸಿತು.

ರಕ್ತ ಕ್ಯಾನ್ಸರಿನ ಕಡೆಯಿಂದ ಬಂದವರು ಇದೇ ವಿಜ್ಞಾನ ಸಂಸ್ಥೆಯ ಸತೀಶ್ ರಾಘವನ್. ಫಾಲಿಕ್ಯುಲರ್ ಲಿಂಫೋಮಾದಲ್ಲಿ ವರ್ಣತಂತು ಒಡೆದು ಬಿಸಿಎಲ್2 ಜೀನು ಜಾಗ ಬದಲಿಸುತ್ತದೆ. ಅದು ಒಡೆಯುವುದು ಅಲ್ಲೇ ಏಕೆ ಎಂಬುದಕ್ಕೆ ಡಿಎನ್‌ಎಯ ವಿಚಿತ್ರ ಮಡಿಕೆ ಕಾರಣವೆಂದು ಅವರು ಅಮೆರಿಕದಲ್ಲಿದ್ದಾಗ, 2004ರಲ್ಲಿ, ತೋರಿಸಿದ್ದರು. ಬೆಂಗಳೂರಿನಲ್ಲಿ ಅವರ ತಂಡ ಡಿಸರಿಬ್ ಎಂಬ ಬಿಸಿಎಲ್2 ತಡೆಯನ್ನು ರೂಪಿಸಿತು. ಬಿಸಿಎಲ್2 ಪ್ರೋಟೀನು ಹಿಡಿದಿಡುವ ಸಂಗತಿಗಳಲ್ಲಿ ಐಪಿ3 ಗ್ರಾಹಕವೂ ಒಂದೆಂಬುದು ಬೇರೆ ದೇಶಗಳ ಪ್ರಯೋಗಗಳಿಂದ ಗೊತ್ತಾಗಿದೆ. ಕ್ಯಾಲ್ಸಿಯಂ ಸೋರಿಕೆಯನ್ನು ಹದ್ದಿನಲ್ಲಿಟ್ಟು ಅದು ಕ್ಯಾನ್ಸರ್ ಕೋಶವನ್ನು ಉಳಿಸುತ್ತದೆ. ಒಂದೇ ಊರಿನ ಎರಡು ಪ್ರಯೋಗಾಲಯಗಳ ವಿಷಯಗಳು ಕೋಶದೊಳಗೆ ಹೀಗೆ ಒಂದಕ್ಕೊಂದು ತಗಲುತ್ತವೆ.

ಈಗಿನ ಸ್ಥಿತಿ

ರಕ್ತ ಕ್ಯಾನ್ಸರಿಗೆ ಕಾಲುವೆಯನ್ನೇ ಗುರಿಯಾಗಿಸಿದ ಔಷಧ ವಾಡಿಕೆಯ ಚಿಕಿತ್ಸೆಗೆ ಬಂದಿಲ್ಲ. ಹೃದಯದಲ್ಲಿ ಹರ್ಗ್ ಇಂಟಿಗ್ರಿನ್ ಜೊತೆ ಕೂಡಿಕೊಂಡಿರುವುದಿಲ್ಲ, ಕ್ಯಾನ್ಸರ್ ಕೋಶದಲ್ಲಿ ಕೂಡಿಕೊಂಡಿರುತ್ತದೆ ಎಂಬ 2017ರ ಶೋಧದಿಂದ ಫ್ಲಾರೆನ್ಸಿನವರಿಗೆ ಹೊಸ ದಾರಿ ಕಂಡಿದೆ. ಆ ಜೋಡಿಯನ್ನೇ ಹಿಡಿಯುವ ಪ್ರತಿಕಾಯವನ್ನು ಅವರು ಮಾಡಿದ್ದಾರೆ. ಅದರ ಪರೀಕ್ಷೆ ಮೊದಲು ನಡೆದದ್ದು ಗಡ್ಡೆಯ ಕ್ಯಾನ್ಸರುಗಳಲ್ಲಿ. ಪಾದುವಾದವರು ಮೈಟೊಕಾಂಡ್ರಿಯಕ್ಕೆ ನೇರ ತಲಪುವ ಕೆವಿ 1.3 ತಡೆಗಳನ್ನು 2017ರಲ್ಲಿ ಮುಂದಿಟ್ಟರು. ಕರ್ನಾಟಕದಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸಂಸ್ಥೆಯಿದೆ, 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯ ದಾಖಲೆಯಿದೆ, ಕಾಲುವೆ ಅಳೆಯಬಲ್ಲ ಪ್ರಯೋಗಾಲಯಗಳಿವೆ. ಕ್ಲೊಫಾಜಿಮೈನಿನ ಪ್ರಶ್ನೆಯನ್ನು ನಮ್ಮ ರೋಗಿಗಳ ಕೋಶಗಳ ಮೇಲೆ ಇಟ್ಟು ನೋಡುವುದಕ್ಕೆ ಇವೆಲ್ಲ ಒಂದೆಡೆ ಸೇರುವುದು ಅಗತ್ಯ.