256 ಅಂದರೆ 32: ಆಲಮಟ್ಟಿ ಕಾಕಾನ ಲೆಕ್ಕ

ಮನೆಗೆ ಮೊದಲ ಸಲ ಬ್ರಾಡ್‌ಬ್ಯಾಂಡ್ ಬಂದಾಗ ಕಾಗದದಲ್ಲಿದ್ದ ವೇಗ 256. ಡೌನ್‌ಲೋಡ್ ಕಿಟಕಿಯಲ್ಲಿ ನೋಡಿದರೆ 30ರ ಆಸುಪಾಸು! ಮೋಸ ಹೋದೆ ಅಂತ ಆಲಮಟ್ಟಿಯ ಕಾಕಾನ ಮುಂದೆ ಗೊಣಗಿದೆ. ಹಿನ್ನೀರಿಗೆ ಅರ್ಧ ಹೊಲ ಕಳೆದುಕೊಂಡು, ಉಳಿದರ್ಧದ ಚಿಂತೆಯಲ್ಲಿ ಒಳಹರಿವಿನ ಲೆಕ್ಕ ಕಲಿತವರು ಅವರು.

"ತಮ್ಮಾ, ಒಂದು ಲಕ್ಷ ಕ್ಯೂಸೆಕ್ಸ್ ಅಂದ್ರ ದಿನಕ್ಕ ಎಂಟೂವರಿ ಟಿಎಂಸಿ ಮ್ಯಾಲ. ಅಂಕಿ ಬ್ಯಾರೆ, ನೀರು ಅದ. ನಿನ್ನ ಅಳತಿ ಯಾವುದು, ಮೊದಲ ನೋಡು" ಅಂದರು.

ಲೆಕ್ಕ ಸರಿಯೇ. ಕ್ಯೂಸೆಕ್ಸ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ದಿನಕ್ಕೆ 86,400 ಸೆಕೆಂಡು, ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಗುಣಿಸಿದರೆ 8.64.

ನನ್ನ ಕಾಗದದ 256 ಕಿಲೋಬಿಟ್. 2004ರ ಬ್ರಾಡ್‌ಬ್ಯಾಂಡ್ ನೀತಿ ಹೇಳಿದ್ದ ಕನಿಷ್ಠ ವೇಗವೂ ಅದೇ. ಪರದೆಯದು ಕಿಲೋಬೈಟ್. ಎಂಟು ಬಿಟ್ಟಿಗೆ ಒಂದು ಬೈಟು. 256ನ್ನು 8ರಿಂದ ಭಾಗಿಸಿದರೆ 32!

ಯಾಕೆ ಎರಡು ಅಳತೆ? ತಂತಿಯಲ್ಲಿ ಕಳಿಸುವವರು ಬಿಟ್ ಎಣಿಸಿದರು, ಕಂಪ್ಯೂಟರಿನಲ್ಲಿ ಅಕ್ಷರ ಕೂಡಿಡುವವರು ಬೈಟ್. 'ಬೈಟ್' ಪದ ಹುಟ್ಟಿಸಿದ್ದು 1956ರಲ್ಲಿ, ಐಬಿಎಂನ ವರ್ನರ್ ಬುಕ್‌ಹೋಲ್ಜ್. ಆಗ ಅದಕ್ಕೆ ಇಷ್ಟೇ ಬಿಟ್ ಎಂಬ ಕಟ್ಟಿರಲಿಲ್ಲ. ಎಂಟು ಬಿಟ್ ನೆಲೆಯೂರಿದ್ದು 1964ರ ಏಪ್ರಿಲ್‌ನಲ್ಲಿ ಪ್ರಕಟವಾದ ಐಬಿಎಂ ಸಿಸ್ಟಮ್ 360 ಯಂತ್ರಗಳಿಂದ. ಮರುತಿಂಗಳೇ ಲಾಲ್ ಬಹದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ನನ್ನ ಎಂಟು, ಕಾಕಾನ ಹಿನ್ನೀರು, ಎರಡೂ ಒಂದೇ ವರ್ಷದ ಕೂಸುಗಳು!

ನನ್ನ ಸಿಟ್ಟು ಒಂದು ಭಾಗಾಕಾರಕ್ಕೆ ಇಳಿಯಿತು. ಕಾಕಾ ಮಾತ್ರ ಮಳೆಗಾಲ ಬಂತೆಂದರೆ ಈಗಲೂ ಪೇಪರ್ ಹಿಡಿದು ಗುಣಿಸುತ್ತಾ ಕೂರುತ್ತಾರೆ.